ಹಾಡನ್ನ ಹತ್ತು ಬೆರಳಿಗೆ ಕೂರಿಸೋದು

ಮಾಲೂರಿನ ಅಕ್ಕ ಫೋನಲ್ಲಿ ಕೇಳಿದ್ಲು, "ಅಲ್ಲ ಕಣೇ, ಹಾಡು ಫೋನಲ್ಲೇ ಐತೆ, ಒತ್ತಿದ್ರೆ ಬರ್ತದೆ. ನೀನು ರಾತ್ರಿ ಹನ್ನೊಂದಾದ್ರೂ ಅದನ್ನ ಪಿಯಾನೋಗೆ ಬರ್ಕೊಂಡು ಕೂತಿರ್ತೀಯಂತೆ, ಏನದು ಅಂಥಾ ಬರೆಯೋದು?" ಅಂತ. ಹಾಲು ಉಕ್ಕೋಕೆ ಬಂದಿತ್ತು, ಆಮೇಲೆ ಹೇಳ್ತೀನಿ ಅಂತ ಇಟ್ಬಿಟ್ಟೆ. ಮುಳಬಾಗಿಲೋರೂ ಶ್ರೀನಿವಾಸಪುರದ ಚಿಕ್ಕಮ್ಮನೂ ಇದನ್ನೇ ಕೇಳ್ತಾ ಇದ್ರಲ್ಲ, ಎಲ್ರಿಗೂ ಒಂದೇ ಸಲಕ್ಕೆ ಆಗ್ಲಿ ಅಂತ ಇಲ್ಲಿ ಬರೀತಾ ಇದೀನಿ.

ಪಿಯಾನೋ ಅಂದ್ರೆ ಹಳೇ ಸಿನಿಮಾದಲ್ಲಿ ಬಂಗಲೆ ಮೆಟ್ಲ ಕೆಳಗೆ ಇರ್ತದಲ್ಲ, ಅದಲ್ಲ. ಅದು ನಮ್ಮನೆ ಬಾಗಿಲಲ್ಲಿ ತೂರೋದೂ ಇಲ್ಲ. ಇದು ಕರೆಂಟಿನದು, ಮಗಳ ಆನ್‌ಲೈನ್ ಕ್ಲಾಸಿಗೆ ಅಂತ ಸೆಕೆಂಡ್ ಹ್ಯಾಂಡಲ್ಲಿ ತಂದಿದ್ದು. ಅವಳು ಪಿಯುಸಿ ಅಂತ ಬಿಟ್ಲು, ನಾನು ಹಿಡ್ಕೊಂಡೆ. ಆದ್ರೂ ಕೀ ಮಾತ್ರ ದೊಡ್ಡದರಲ್ಲಿ ಇರೋ ಅಷ್ಟೇ, 88. ಒತ್ತಿದ್ರೆ ಭಾರ ಗೊತ್ತಾಗ್ತದೆ, ಕಾಲಲ್ಲಿ ಒತ್ತೋ ಪೆಡಲ್ಲೂ ಐತೆ. ಭಜನೆ ಮಂಡಳಿಯ ಹಾರ್ಮೋನಿಯಂ ನೋಡಿರೋರಿಗೆ ಒಂದು ವ್ಯತ್ಯಾಸ ಹೇಳ್ಬಿಡ್ತೀನಿ, ಮುಂದಕ್ಕೆ ಬೇಕಾಗ್ತದೆ. ಹಾರ್ಮೋನಿಯಂನಲ್ಲಿ ತಿದಿ ಒತ್ತೋವರೆಗೂ ಸ್ವರ ನಿಂತಿರ್ತದೆ. ಪಿಯಾನೋದಲ್ಲಿ ಒತ್ತಿದ ಗಳಿಗೆಯಿಂದಲೇ ಸ್ವರ ಕರಗೋಕೆ ಶುರು. ದೇವಸ್ಥಾನದ ಗಂಟೆ ಥರ, ಹೊಡೆದ ಮೇಲೆ ಅದು ನಮ್ಮ ಕೈಯಲ್ಲಿಲ್ಲ.

ಈಗ ಸಿನಿಮಾ ಹಾಡು ಅಂದ್ರೆ ಅದರ ಹಿಂದೆ ಎಷ್ಟು ಜನ ಇರ್ತಾರೆ ಯೋಚನೆ ಮಾಡಿ. ಹಾಡೋರು ಇಬ್ರು, ಒಂದು ಸಾಲು ಪಿಟೀಲು, ಕೊಳಲು, ಗಿಟಾರು, ತಬಲ, ಡ್ರಮ್ಮು. ಇತ್ಲಾಗೆ ನಾನೊಬ್ಳೇ. ಅಷ್ಟೂ ಜನದ ಪಾಲು ನಾನು ನುಡಿಸೋಕಾಗಲ್ಲ, ಯಾರನ್ನ ಇಟ್ಕೊಳ್ಳೋದು, ಯಾರನ್ನ ಮನೆಗೆ ಕಳಿಸೋದು ಅನ್ನೋದೇ ಆ "ಬರೆಯೋದು". ಮೂರನ್ನ ಮಾತ್ರ ಬಿಡೋ ಹಂಗಿಲ್ಲ. ಹಾಡಿನ ಧಾಟಿ, ಕೆಳಗಡೆ ನಡೆಯೋ ಬೇಸು, ನಡುವೆ ತುಂಬ್ಕೊಂಡು ತಾಳ ತೋರಿಸೋ ಸ್ವರಗಳು. ಕೆಲಸ ಮೂರು, ಕೈ ಎರಡು. ಸೊಂಟದಲ್ಲಿ ಮಗು ಇಟ್ಕೊಂಡು ಮುದ್ದೆ ತಿರುವಿರೋ ನಮಗೆ ಇದೇನು ಹೊಸ ಲೆಕ್ಕ ಅಲ್ಲ ಬಿಡಿ.

ಇದನ್ನ ನಾನು ಕಂಡುಹಿಡಿದಿದ್ದೂ ಅಲ್ಲ. ರೆಕಾರ್ಡು, ರೇಡಿಯೋ ಏನೂ ಇಲ್ಲದ ಕಾಲದಲ್ಲಿ ಯೂರೋಪಿನ ಮನೆಗಳಲ್ಲಿ ದೊಡ್ಡ ವಾದ್ಯಗೋಷ್ಠಿಯ ಸಂಗೀತ ಕೇಳ್ಬೇಕು ಅಂದ್ರೆ ಯಾರಾದ್ರೂ ಪಿಯಾನೋ ಮುಂದೆ ಕೂತ್ಕೋಬೇಕಿತ್ತು. ಲಿಸ್ಟ್ ಅನ್ನೋ ಮಹಾನುಭಾವ ಬೀಥೋವನ್‌ನ ಒಂಬತ್ತೂ ಸಿಂಫೊನಿಗಳನ್ನ ಒಬ್ಬರೇ ನುಡಿಸೋ ಹಂಗೆ ಪಿಯಾನೋಗೆ ಇಳಿಸಿಟ್ಟಿದಾನೆ. ಅಷ್ಟು ದೂರ ಯಾಕೆ, ನಮ್ಮ ಕಡೆ ಮದುವೇಲಿ ನೋಡಿ. ಓಲಗದೋರು ಮುಹೂರ್ತದ ತನಕ ಕೀರ್ತನೆ ನುಡಿಸ್ತಾರೆ, ಊಟಕ್ಕೆ ಎಲೆ ಹಾಕಿದ ಮೇಲೆ ಮೆಲ್ಲಗೆ ಸಿನಿಮಾ ಹಾಡಿಗೆ ಇಳೀತಾರೆ. ಬ್ಯಾಂಡ್‌ಸೆಟ್‌ನ ಕ್ಲಾರಿನೆಟ್ಟಿನೋನು ಮೆರವಣಿಗೇಲಿ ಒಂದು ಸಾಲು ಊದಿದ್ರೆ ಸಾಕು, ಮಾತಿಲ್ದಿದ್ರೂ ಯಾವ ಹಾಡು ಅಂತ ಹುಡುಗ್ರೆಲ್ಲ ಕುಣಿಯೋಕೆ ಶುರು ಮಾಡ್ತಾರೆ. ಅವನೂ ಇಡೀ ಆರ್ಕೆಸ್ಟ್ರಾವನ್ನ ಒಂದು ಕೊಳವೆಗೆ ತುಂಬಿದೋನೇ. ಆದ್ರೆ ಅವನಿಗೆ ಉಸಿರೈತೆ. ಸ್ವರ ಎಳೀತಾನೆ, ಜಾರಿಸ್ತಾನೆ. ನನಗೆ ಆ ಭಾಗ್ಯ ಇಲ್ಲ.

ಶುರುವಾಗಿದ್ದು ಸಿನಿಮಾ ಹಾಡಿಂದಲ್ಲ, ಮಗನ ಆಟದಿಂದ. ಅವನಿಗೆ ಮಾರಿಯೋ ಆಟದ ಮ್ಯೂಸಿಕ್ಕು ಬೇಕಿತ್ತು. ನಿಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿರ್ತದೆ, ನಾವು ಚಿಕ್ಕೋರಿದ್ದಾಗ ಟಿವಿಗೆ ಸಿಕ್ಕಿಸಿ ಆಡೋ ಗೇಮು ಬಂದಿತ್ತಲ್ಲ, ಹಳದಿ ಕ್ಯಾಸೆಟ್ಟು, ಅದರ ಮೇಲೆ 9999 ಆಟ ಅಂತ ಬರೆದಿರೋದು, ಒಳಗಿದ್ದಿದ್ದು ಅವೇ ಏಳೆಂಟು. ಅದರಲ್ಲಿ ಮೀಸೆ ಇರೋ ಗಿಡ್ಡ ಓಡ್ತಾ ಇರ್ತಾನೆ. ಆ ಮ್ಯೂಸಿಕ್ ಮಾಡಿದ್ದು ಜಪಾನಿನ ಕೋಜಿ ಕೊಂಡೊ, 1985ರಲ್ಲಿ. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಕಾಪಾಡಿ ಇಡಬೇಕಾದ ರೆಕಾರ್ಡಿಂಗ್‌ಗಳ ಪಟ್ಟಿಗೆ ಅದನ್ನ ಸೇರಿಸ್ಕೊಂಡಿದೆ. ವಿಡಿಯೋ ಗೇಮಿನ ಸಂಗೀತ ಆ ಪಟ್ಟಿಗೆ ಹೋಗಿದ್ದು ಅದೇ ಮೊದಲು.

ಕೂತು ಕೇಳಿದ್ರೆ ಅಯ್ಯೋ ಇಷ್ಟೇನಾ ಅನ್ಸಿತು. ಆ ಕಾಲದ ಡಬ್ಬಕ್ಕೆ ಒಂದೇ ಸಲಕ್ಕೆ ಬಹಳ ಸ್ವರ ಹೊರಡಿಸೋ ಶಕ್ತಿ ಇರ್ಲಿಲ್ಲ. ಮೇಲೆ ಎರಡು ಎಳೆ, ಕೆಳಗೆ ಬೇಸಿಗೆ ಒಂದು ಎಳೆ, ತಾಳಕ್ಕೆ ಬುಸ್ ಬುಸ್ ಅನ್ನೋ ಸದ್ದು. ಮೇಲಿನ ಎರಡು ಬಲಗೈಗೆ, ಬೇಸು ಎಡಗೈಗೆ. ಬಿಡೋಕೆ ಏನೂ ಇಲ್ಲ, ಅವರೇ ಎಲ್ಲ ಬಿಟ್ಟು ಕೊಟ್ಟಿದಾರೆ! ಕಷ್ಟ ಬಂದಿದ್ದು ಕೊನೇಲಿ. ಆಟದ ಹಾಡಿಗೆ ಕೊನೆ ಅನ್ನೋದೇ ಇಲ್ಲ. ಆಡೋನು ಎಷ್ಟೊತ್ತು ಆಡ್ತಾನೋ ಗೊತ್ತಿಲ್ವಲ್ಲ, ಅದಕ್ಕೆ ತಿರುಗಿ ತಿರುಗಿ ಮೊದಲಿಗೇ ಬರ್ತದೆ. ಪಿಯಾನೋ ಮೇಲೆ ಎಲ್ಲಾದ್ರೂ ನಿಲ್ಲಿಸ್ಬೇಕು. ಮಗ ಒಂದು ಉಪಾಯ ಹೇಳ್ದ. ಆಟದಲ್ಲಿ ಟೈಮು 100ಕ್ಕಿಂತ ಕಮ್ಮಿ ಆದ ತಕ್ಷಣ ಮ್ಯೂಸಿಕ್ಕು ಓಡೋಕೆ ಶುರು ಮಾಡ್ತದಲ್ಲ, ಅಂಗೆ ಕೊನೇ ಸುತ್ತು ಜೋರಾಗಿ ಓಡ್ಸಿ ಟಕ್ ಅಂತ ನಿಲ್ಸು ಅಂದ. ಚೆನ್ನಾಗೇ ಬಂತು. ಅವನಿಗೆ ಆಮೇಲೆ ಮೈನ್‌ಕ್ರಾಫ್ಟ್ ಹುಚ್ಚು ಹಿಡೀತು. ಅದರ ಮ್ಯೂಸಿಕ್ಕಲ್ಲಿ ಅರ್ಧಕ್ಕರ್ಧ ಮೌನವೇ, ಒಂದೊಂದೇ ಸ್ವರ ಬಿಡಿಬಿಡಿಯಾಗಿ ಬೀಳ್ತದೆ. ನಮ್ಮ ಪಕ್ಕದ ಮನೆಯವರು ಇಣುಕಿ, "ನಲ್ಲಿ ತೊಟ್ಟಿಕ್ತಾ ಐತೇನೋ ನೋಡಿ" ಅಂದಿದ್ರು.

ಸಿನಿಮಾ ಹಾಡು ಇದರ ಉಲ್ಟಾ. ಅಲ್ಲಿ ಕೊಟ್ಟಿರೋದು ಜಾಸ್ತಿ, ಮತ್ತೆ ಮುಖ್ಯವಾಗಿರೋದೇ ಪಿಯಾನೋಗೆ ಬರಲ್ಲ, ಅಂದ್ರೆ ಮಾತು. ಪಲ್ಲವಿ ಆಯ್ತು, ಮೊದಲ್ನೇ ಚರಣ ಆಯ್ತು, ಎರಡನೇ ಚರಣ ಬಂತು ಅನ್ನಿ. ಧಾಟಿ ಅದೇ, ಮಾತು ಮಾತ್ರ ಬೇರೆ. ಮಾತಿದ್ರೆ ಕಥೆ ಮುಂದಕ್ಕೆ ಹೋಗ್ತದೆ, ಮಾತು ತೆಗೆದ್ರೆ ಅದೇ ಸಾರು ಎರಡನೇ ಸಲ ಬಡಿಸಿದಂಗೆ. ಅದಕ್ಕೆ ಎರಡನೇ ಸಲ ಏನಾದ್ರೂ ಬದಲಾಯಿಸ್ಬೇಕು. ಬೇಸಿನ ನಡೆ ಬೇರೆ ಮಾಡ್ಬೇಕು, ಇಲ್ಲ ಧಾಟೀನ ಎಡಗೈಗೆ ಕೊಟ್ಟು ಬಲಗೈನ ಮೇಲೆ ಕಳಿಸ್ಬೇಕು.

ಇನ್ನೊಂದು ತೊಂದ್ರೆ ಗಮಕ. ಜಾನಕಮ್ಮ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗೋವಾಗ ನಡುವೆ ಇರೋ ದಾರೀನೆಲ್ಲ ಸವರ್ಕೊಂಡು ಹೋಗ್ತಾರೆ. ಪಿಯಾನೋದಲ್ಲಿ ಆ ದಾರಿ ಇಲ್ಲ, ಮೆಟ್ಲು ಮಾತ್ರ. ನಾನು ಮಾಡೋದು ಇಷ್ಟೆ: ಸ್ವರಕ್ಕೆ ಮುಂಚೆ ಅದರ ಕೆಳಗಿನ ಮನೇನ ಒಂದು ಚಿಟಿಕೆ ಮುಟ್ಟಿ ಬಿಡೋದು. ಕಿವಿ ಅದನ್ನ ಜಾರಿದ್ದು ಅಂತ ನಂಬ್ತದೆ. ಎಲ್ಲಾ ಕಡೆ ಮಾಡಿದ್ರೆ ಬಿಕ್ಕಳಿಕೆ ಥರ ಆಗ್ತದೆ, ಒಂದು ಸಾಲಿಗೆ ಒಂದೋ ಎರಡೋ ಸಾಕು.

ಇಷ್ಟರಲ್ಲಿ ಮುಳಬಾಗಿಲಿಂದ ಅತ್ತೆ ನಮ್ಮನೆಗೆ ಬಂದ್ರು. ಅವರ ಕಿವಿ ವಿಚಾರ ನಿಮಗೆಲ್ಲ ಗೊತ್ತಿರೋದೇ. ಕೂಗಿದ್ರೆ ಕೇಳ್ತದೆ, ಏನಂದ್ರು ಅಂತ ಗೊತ್ತಾಗಲ್ಲ. "ಕಿರುಚ್ಬ್ಯಾಡ ಕಣೇ, ಕೇಳುಸ್ತೈತೆ, ಏನಂದೆ ಅಂತ ಯೋಳು" ಅಂತಾರೆ. ನಮಗೆ ನಗು, ಅವರಿಗೆ ಸಂಕಟ. ಭಜನೆಗೆ ಹೋಗೋದು ಬಿಟ್ಟಿದ್ರು. ಅಡುಗೆಮನೇಲಿ ಹಾಡ್ಕೊಳ್ಳೋದು ನಿಲ್ಸಿ ಎಷ್ಟು ವರ್ಷ ಆಗಿತ್ತೋ, ಅದನ್ನ ನಾವ್ಯಾರೂ ಗಮನಿಸಿರ್ಲಿಲ್ಲ, ಮನೆ ಅಷ್ಟು ಸದ್ದಿನ ಮನೆ.

ಕಿವಿ ಪರೀಕ್ಷೆ ಮಾಡಿಸಿದಾಗ ಒಂದು ಗ್ರಾಫ್ ಕೊಟ್ರು. ಅದನ್ನ ನೋಡಿ ನನಗೆ ರೋಮಾಂಚನ ಆಯ್ತು, ಯಾಕಂದ್ರೆ ಅದು ಥೇಟ್ ಪಿಯಾನೋ! ಎಡಗಡೆ ತಗ್ಗಿನ ಸ್ವರ, ಬಲಕ್ಕೆ ಹೋದಂಗೆಲ್ಲ ಏರಿನ ಸ್ವರ. ಅತ್ತೆಯ ಗೆರೆ 500ರ ತನಕ ಪರವಾಗಿಲ್ಲ, ಅಲ್ಲಿಂದ ಇಳಿಜಾರು, 2000 ದಾಟಿದ್ರೆ ಬಾವಿ. ಈ ನಂಬರು ಅಂದ್ರೆ ಸೆಕೆಂಡಿಗೆ ಎಷ್ಟು ಸಲ ಗಾಳಿ ಅದುರ್ತದೆ ಅಂತ. ವಯಸ್ಸಾದೋರಿಗೆ ಮೊದಲು ಹೋಗೋದು ಬಲಗಡೇದೇ ಅಂತೆ. ಸ, ಶ, ತ, ಕ ಇಂಥಾ ಅಕ್ಷರಗಳ ಸದ್ದು ಇರೋದು ಆ ಕಡೆ. ಅ, ಉ, ಓ ಎಲ್ಲ ಎಡಗಡೆ. ಅದಕ್ಕೇ ದನಿ ಕೇಳ್ತದೆ, ಮಾತು ಸಿಗಲ್ಲ.

ಮೆಷಿನ್ ಹಾಕಿಸಿದ್ವಿ. ಮಾತಿಗೆ ಅನುಕೂಲ ಆಯ್ತು, ಸುಳ್ಳು ಹೇಳಲ್ಲ. ಆದ್ರೆ ಅವು ಮಾತಿಗೆ ಅಂತಾನೇ ಮಾಡಿರೋ ಮೆಷಿನ್ನು. ಕಿವೀಲಿ ಕುಯ್ ಅನ್ನೋ ಶಬ್ದ ಬಾರದಂಗೆ ತಡೆಯೋ ಏರ್ಪಾಡು ಅದರೊಳಗೆ ಐತೆ, ಎಳೆದ ಸ್ವರ ಕೇಳಿಸಿದ್ರೆ ಅದನ್ನೂ ಕುಯ್ ಅಂದ್ಕೊಂಡು ಅದುಮೋಕೆ ನೋಡ್ತದೆ. ಹಾಡು ನಡುಗ್ತದೆ. ಸಂಗೀತಕ್ಕೆ ಅಂತ ಬೇರೆ ಸೆಟ್ಟಿಂಗ್ ಹಾಕ್ಕೊಡ್ತಾರೆ, ಕೇಳಿ ಹಾಕಿಸ್ಕೊಳ್ಳಿ. ಅತ್ತೆ ಮಾತ್ರ ಪಿಯಾನೋ ಹತ್ರ ಬಂದ್ರೆ ಮೆಷಿನ್ ಬಿಚ್ಚಿ ಬ್ಲೌಸಿನೊಳಗೆ ಇಟ್ಕೋತಾರೆ.

ಅವರಿಗೆ ಇಷ್ಟ ಅಂದ್ರೆ 'ಗೀತಾ' ಸಿನಿಮಾದ 'ಜೊತೆಯಲಿ' ಹಾಡು. 1981ರದು, ಶಂಕರ್ ನಾಗ್ ಸಿನಿಮಾ, ಇಳಯರಾಜಾ ಸಂಗೀತ, ಎಸ್‌ಪಿಬಿ ಮತ್ತೆ ಜಾನಕಮ್ಮ ಹಾಡಿರೋದು. ಬಹಳ ಸುತ್ತಾಡಿದ ಧಾಟಿ ಅದು. 1984ರಲ್ಲಿ ಇಳಯರಾಜಾನೇ ಅದನ್ನ ತಮಿಳಿಗೆ ತಗೊಂಡೋದ್ರು, 2007ರಲ್ಲಿ 'ಚೀನಿ ಕಮ್' ಅನ್ನೋ ಹಿಂದಿ ಸಿನಿಮಾಗೂ ಬಂತು. ಅದರ ಪಿಯಾನೋ ಬರಹ ಒಂದು ನನ್ನ ಕೈಗೆ ಸಿಕ್ಕಿತ್ತು, ಅದನ್ನ ನುಡಿಸಿದೆ. ಅತ್ತೆ ಕೈಯಲ್ಲಿ ಅವರೆಕಾಯಿ ಹಿಡ್ಕೊಂಡೇ ಕೇಳಿ, "ಟಕ ಟಕ ಅಂತೈತೆ. ಆಡೆಲ್ಲೈತೆ?" ಅಂದ್ರು.

ಆಡೆಲ್ಲೈತೆ ಅನ್ನೋ ಆ ಮಾತು ತಲೇಲಿ ಕೂತ್ಬಿಡ್ತು. ಗ್ರಾಫನ್ನ ಪಿಯಾನೋ ಮೇಲೆ ಇಟ್ಟು ಲೆಕ್ಕ ಹಾಕಿದೆ. ಪಿಯಾನೋದ ನಡುವಿನ ಸಿ ಅನ್ನೋ ಕೀ 262. ಅಲ್ಲಿಂದ ಒಂದು ಸ್ಥಾಯಿ ಮೇಲಕ್ಕೆ ಹೋದ್ರೆ ಎರಡರಷ್ಟು, 523. ಇನ್ನೊಂದು ಸ್ಥಾಯಿಗೆ 1047. ಬಲತುದಿಯ ಕೊನೇ ಕೀ 4186. ಪಿಯಾನೋಗೆ ಹಾಡು ಬರೆಯೋರು ಸಾಮಾನ್ಯವಾಗಿ ಏನ್ಮಾಡ್ತಾರೆ ಅಂದ್ರೆ, ಧಾಟಿ ಎದ್ದು ಕಾಣ್ಲಿ ಅಂತ ಹಾಡಿದ್ದಕ್ಕಿಂತ ಒಂದು ಸ್ಥಾಯಿ ಮೇಲೆ ಇಡ್ತಾರೆ. ನಮ್ಮ ಕಿವಿಗೆ ಅದು ಸರಿ. ಅತ್ತೆಗೆ ಆ ಜಾಗ ಸರಿಯಾಗಿ ಇಳಿಜಾರಿನ ಮೇಲೆ ಬೀಳ್ತದೆ. ಎಡಗೈಯ ಗದ್ದಲ ಪೂರ್ತಿ ಕೇಳ್ತದೆ, ಹಾಡು ಮಾತ್ರ ಜಾರಿ ಹೋಗ್ತದೆ. ಅವರು ಕೇಳಿದ್ದು ನೂರಕ್ಕೆ ನೂರು ಸರಿ, ಅವರ ಕಿವಿಯೊಳಗೆ ಹಾಡು ಇರಲೇ ಇಲ್ಲ.

ಅಂಗಾದ್ರೆ ಹಾಡಿದ ಜಾಗದಲ್ಲೇ ಇಡೋಣ ಅಂತ ಮೊದಲಿಂದ ಬರೆದೆ. ಎಸ್‌ಪಿಬಿ ಸಾಲು ನಡುವಿನ ಸಿ ಕೀಗಿಂತ ಕೆಳಗೆ, ಜಾನಕಮ್ಮನ ಸಾಲು ಅದರ ಮೇಲೆ. ಗಂಡಸಿನ ದನಿ ಗಂಡಸಿನ ಜಾಗದಲ್ಲಿ, ಹೆಂಗಸಿನದು ಹೆಂಗಸಿನ ಜಾಗದಲ್ಲಿ. ಇಂಗೆ ಇಟ್ಟ ತಕ್ಷಣ ಬೇಸಿಗೆ ಜಾಗ ಸಾಲಲ್ಲ. ತಗ್ಗಿನಲ್ಲಿ ಸ್ವರಗಳನ್ನ ಒತ್ತೊತ್ತಾಗಿ ಹಿಡಿದ್ರೆ ಬಗ್ಗಡದ ನೀರಿನಂಗೆ ಆಗ್ತದೆ, ಅದಕ್ಕೆ ಎಡಗೈಯಲ್ಲಿ ಸ-ಪ ಮಾತ್ರ, ಅಗಲವಾಗಿ, ಅದೂ ಮೆತ್ತಗೆ. ಇಳಯರಾಜಾ ಹಾಡಲ್ಲಿ ಬೇಸ್ ಗಿಟಾರು ಸುಮ್ನೆ ಕೂರೋ ಜಾತಿಯಲ್ಲ, ಅದೇ ಒಂದು ಹಾಡು ಹಾಡ್ಕೊಂಡು ಹೋಗ್ತಾ ಇರ್ತದೆ. ಅದರಲ್ಲಿ ಅರ್ಧ ಬಿಡ್ಬೇಕಾಯ್ತು, ಹೊಟ್ಟೆ ಉರೀತು. ಹಾಡು ನಡುವೆ, ಎರಡೂ ಕೈಯ ಹೆಬ್ಬೆರಳಿಗೆ ಹಂಚಿದೆ. ಪಿಟೀಲಿನದನ್ನ ಮೇಲ್ಗಡೆ ಸಣ್ಣಗೆ ಚೆಲ್ಲಿದೆ, ಅದು ಅತ್ತೆಗಲ್ಲ, ನಮಗೆ. ಹಾಡನ್ನ ನಡುವೆ ಇಟ್ಟು ಸುತ್ತ ಬಳ್ಳಿ ಹಬ್ಬಿಸೋ ಈ ಕ್ರಮಕ್ಕೆ 1830ರ ದಶಕದಲ್ಲೇ ಥಾಲ್ಬರ್ಗ್ ಅಂತ ಒಬ್ಬ ಹೆಸರುವಾಸಿಯಾಗಿದ್ನಂತೆ. ಕೇಳೋರು ಮೂರನೇ ಕೈ ಎಲ್ಲೈತೆ ಅಂತ ಹುಡುಕ್ತಾ ಇದ್ರಂತೆ.

ಮೂರು ವಾರ ಹಿಡೀತು. ಎಲ್ಲ ಕೆಲಸ ಆದ ಮೇಲೆ ರಾತ್ರಿ ಕೂರೋದು. ಫೋನಲ್ಲಿ ಹಾಡನ್ನ ಅರ್ಧ ಸ್ಪೀಡಿಗೆ ಇಳಿಸಿ, ಮೊದಲು ಬೇಸು ಹುಡುಕಿ, ಮಗನ ಹಳೇ ಲೆಕ್ಕದ ನೋಟ್‌ಬುಕ್ಕಲ್ಲಿ ಸರಿಗಮದಲ್ಲೇ ಬರ್ಕೊಳ್ಳೋದು. ಚೌಕ ಚೌಕ ಇರೋ ಪುಸ್ತಕ ಆದ್ರೆ ತಾಳ ತಪ್ಪಲ್ಲ, ಒಂದು ಚೌಕ ಒಂದು ಮಾತ್ರೆ.

ನುಡಿಸಿದೆ. ಮೊದಲ್ನೇ ಸಾಲಿಗೆ ಅತ್ತೆ ಏನೂ ಅನ್ಲಿಲ್ಲ. ಎದ್ದು ಬಂದು ಪಿಯಾನೋದ ಎಡಗಡೆ ಮರದ ಮೇಲೆ ಅಂಗೈ ಇಟ್ರು. ಎರಡನೇ ಸಾಲಿಗೆ ನನ್ನ ಕೈಗಿಂತ ಮುಂಚೆ ಅವರ ಬಾಯಿಂದ ಮಾತು ಬಂತು. ಶ್ರುತಿ ಎಲ್ಲೋ ಕೆಳಗಿತ್ತು, ನಾನು ನಿಲ್ಲಿಸ್ಲಿಲ್ಲ. ಮಗಳು ಒಳಗಿಂದ ಬಂದು ಬಾಗಿಲಲ್ಲಿ ನಿಂತ್ಲು, ಅವಳು ಅಜ್ಜಿ ಹಾಡಿದ್ದನ್ನ ಕೇಳಿದ್ದು ಅದೇ ಮೊದಲು. ಮಾರನೇ ದಿನ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಇಡೀ ಹಾಡನ್ನ ಎರಡು ಮನೆ ಕೆಳಗಿಳಿಸಿದೆ. ಈಗ ಅದು ಅತ್ತೆಯ ಶ್ರುತಿ. ಕರೆಂಟಿನ ಪಿಯಾನೋಗೆ ಏನಾದ್ರೂ ಒಂದು ಪುಣ್ಯ ಇದ್ರೆ ಅದು ಈ ಬಟನ್ನು.

ಎಲ್ಲಾ ಹಾಡಿಗೂ ಇಂಗೆ ಆಗ್ತದೆ ಅಂದ್ಕೋಬೇಡಿ. ಕಿವಿ ಚೆನ್ನಾಗಿದ್ದಾಗ ಮನಸ್ಸಿಗೆ ಇಳಿದಿರೋ ಹಾಡಾದ್ರೆ ನಾಲ್ಕು ಸ್ವರ ಸಿಕ್ಕಿದ್ರೆ ಸಾಕು, ಉಳಿದಿದ್ದನ್ನ ಅವರೇ ತುಂಬ್ಕೋತಾರೆ. 'ಬಂಗಾರದ ಮನುಷ್ಯ', 'ಎರಡು ಕನಸು', ರಾಜನ್-ನಾಗೇಂದ್ರ ಅವರ ಯಾವುದೇ ಹಾಡು, ಎಲ್ಲ ಸಿಕ್ತದೆ. 2006ರ 'ಮುಂಗಾರು ಮಳೆ' ಅರ್ಧಂಬರ್ಧ. ಆಮೇಲಿಂದು ಯಾವುದೂ ಇಲ್ಲ. ಮಾರಿಯೋ ನುಡಿಸಿದ್ರೆ "ಕೋಳಿ ಓಡ್ದಂಗೈತೆ" ಅಂತಾರೆ. ಅದೊಂಥರಾ ಸರಿಯೇ.

ಮಾಲೂರಿನ ಅಕ್ಕನ ಮಗನಿಗೆ ಕೆಜಿಎಫ್ ಬೇಕಂತೆ. ಬಿಡೋ ಜಾತಿಯಲ್ಲ ಅವನು. ನಮ್ಮ ಜಿಲ್ಲೆಯೋರಿಗೆ ಆ ಸಿನಿಮಾ ಮೇಲೆ ಒಂದು ವಿಚಿತ್ರ ಮಮಕಾರ. ನಿಜವಾದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ, ಸಿನಿಮಾ ಬಂದಿದ್ದು 2018ರ ಡಿಸೆಂಬರಲ್ಲಿ, ಶೂಟಿಂಗ್ ಮಾಡಿದ್ದು ಅಲ್ಲಿಯ ಸೈನೈಡ್ ಗುಡ್ಡದ ಮೇಲೆ. ನಾವು ರೈಲಲ್ಲಿ ಹೋಗ್ತಾ ನೋಡ್ತಿದ್ದ ಬೂದಿ ಬಣ್ಣದ ಗುಡ್ಡಕ್ಕೆ ಬಸ್ರೂರಿನ ರವಿ ಅಷ್ಟು ದೊಡ್ಡ ಸಂಗೀತ ಕೂರ್ಸಿದಾರೆ! ಪಿಯಾನೋಗೆ ಅದು ಮಹಾ ಕಷ್ಟ. ನೂರು ಗಂಡಸರು ಕೂಗಿದಂಗೆ ಇರೋ ಗುಂಪು ದನಿ, ಡೋಲು. ಪಿಯಾನೋ ಎಷ್ಟು ಗುದ್ದಿದ್ರೂ ಪಿಯಾನೋನೇ. ಗದ್ದಲ ಬಿಟ್ಟೆ, ಎಡಗೈಯಲ್ಲಿ ಒಂದೇ ಸ್ವರವನ್ನ ಎರಡು ಸ್ಥಾಯೀಲಿ ಒಟ್ಟಿಗೆ ಹಿಡಿದು ನಿಧಾನಕ್ಕೆ ಕುಟ್ಟಿದೆ, ಪೆಡಲ್ ಒತ್ತಿಟ್ಟು ಅದುರೋದನ್ನ ಅಂಗೇ ಬಿಟ್ಟೆ. ಹುಡುಗ ಅದನ್ನ ಕೇಳಿ "ದೊಡ್ಡಮ್ಮ, ಇದು ಸ್ವಲ್ಪ ದುಃಖದ್ದು ಥರ ಐತೆ" ಅಂದ. ಗಣಿ ಮುಚ್ಚಿದ ಮೇಲೆ ಊರು ಬಿಟ್ಟೋರು ನಮ್ಮ ಬೀದೀಲೇ ಇಬ್ರು ಅವ್ರೆ, ದುಃಖ ಇದ್ರೆ ಇರ್ಲಿ ಬಿಡು ಅಂದೆ. ಅತ್ತೆಗೆ ಧಾಟಿ ಗೊತ್ತಾಗಲ್ಲ, ಆದ್ರೂ ಮರದ ಮೇಲೆ ಕೈ ಇಟ್ಟು, "ಇದು ರಾಗಿ ಕುಟ್ಟೋ ಆಡು" ಅಂತ ತೀರ್ಮಾನ ಕೊಟ್ಟವ್ರೆ.

ಪಕ್ಕದ ಮನೆಯವರು, ಬರೆದಿದ್ದನ್ನ ಅಚ್ಚು ಹಾಕ್ಸಿ ಮಾರಮ್ಮ ಅಂದ್ರು. ಅದಾಗಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೇಲಿ ಹಾಡನ್ನ ಬೇರೆ ವಾದ್ಯಕ್ಕೆ ಹೊಂದಿಸಿ ಬರೆಯೋ ಹಕ್ಕೂ ಆ ಹಾಡಿನ ಹಕ್ಕು ಇರೋರದ್ದೇ. ಮನೇಲಿ ಅತ್ತೆ ಮುಂದೆ ನುಡಿಸೋದು ಬೇರೆ, ದುಡ್ಡಿಗೆ ಮಾರೋದು ಬೇರೆ. ಲೆಕ್ಕದ ನೋಟ್‌ಬುಕ್ಕು ಲೆಕ್ಕದ ನೋಟ್‌ಬುಕ್ಕಾಗೇ ಇರ್ಲಿ.

ಈಗ ಅತ್ತೆಯ ಹೊಸ ಆರ್ಡರ್ರು 'ಆಪ್ತಮಿತ್ರ'ದ 'ರಾ ರಾ'. ಸೌಂದರ್ಯ ನಮ್ಮ ಮುಳಬಾಗಿಲ ತಾಲ್ಲೂಕಿನ ಹುಡುಗಿ ಅಂತ ಅತ್ತೆಗೆ ಯಾವಾಗ್ಲೂ ಒಂದು ಕೈ ಜಾಸ್ತಿ ಪ್ರೀತಿ. 2004ರ ಏಪ್ರಿಲಲ್ಲಿ ಅವಳು ಹೋಗ್ಬಿಟ್ಲು, ಸಿನಿಮಾ ತೆರೆಗೆ ಬಂದಿದ್ದು ಆಮೇಲೆ. ಕನ್ನಡ ಸಿನಿಮಾದಲ್ಲಿ ತೆಲುಗು ಮಾತಿನ ಹಾಡು, ಗುರುಕಿರಣ್ ಸಂಗೀತ. ಬೇರೆ ಕಡೆಯೋರಿಗೆ ಅದು ಆಶ್ಚರ್ಯ ಇರ್ಬಹುದು, ಕನ್ನಡದಲ್ಲಿ ಬೈದು ತೆಲುಗಲ್ಲಿ ಮುದ್ದು ಮಾಡೋ ನಮ್ಮ ಅತ್ತೆಯಂಥೋರಿಗೆ ಅಲ್ಲ. ಕುಣಿಯೋ ಹಾಡು, ಹೆಜ್ಜೆಗೆ ತಕ್ಕಂಗೆ ಸ್ವರ ಕತ್ತರಿಸ್ತಾ ಹೋಗ್ತದೆ, ಅದು ಪಿಯಾನೋಗೆ ಒಗ್ಗೋ ಮಾತೇ. ಆದ್ರೆ ಧಾಟಿ ಹತ್ತಿ ಹತ್ತಿ ಮೇಲಕ್ಕೆ ಹೋಗ್ತದೆ, ಹಾಡಿದ ಜಾಗದಲ್ಲೇ ಇಟ್ರೆ ತುದಿಗೆ ಹೋದಾಗ ಅತ್ತೆ ಕಿವಿಯಿಂದ ಜಾರ್ತದೆ. ಕೆಳಗಿಳಿಸಿದ್ರೆ ಸೌಂದರ್ಯ ಕಣ್ಣರಳಿಸಿ ನೋಡ್ತಾಳಲ್ಲ, ಆ ಬಿಗಿ ಹೋಗ್ತದೆ. ಎರಡು ಥರಾನೂ ಬರೆದಿಟ್ಟಿದೀನಿ. ಯುಗಾದಿಗೆ ಎಲ್ರೂ ಬರ್ತೀರಲ್ಲ, ಎರಡೂ ನುಡಿಸ್ತೀನಿ, ಅತ್ತೆ ಯಾವುದಕ್ಕೆ ಬಾಯಿ ಬಿಡ್ತಾರೋ ನೋಡೋಣ. ಮುಳಬಾಗಿಲಿನೋರು ದೋಸೆ ಹಿಟ್ಟಿನ ಹದ ಬರ್ಕೊಂಡು ಬನ್ನಿ, ಹೋದ ಸಲವೂ ಮರೆತು ಬಂದಿದ್ರಿ.